80 ಸಾಕಾ, 160 ಬೇಕಾ? ಲಿನಕ್ಸ್ ವೈಫೈನಲ್ಲಿ ಓಡಿಸಿ ನೋಡಿದ ಹೋಲಿಕೆ

ಒಂದೇ ಲಿನಕ್ಸ್ ಯಂತ್ರ, ಒಂದೇ ವೈಫೈ ಕಾರ್ಡ್, ಹೋಸ್ಟ್‌ಎಪಿಡಿ (ಯಂತ್ರವನ್ನೇ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹಂಚುವ ಕೇಂದ್ರ ಮಾಡುವ ತಂತ್ರಾಂಶ). 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಅಗಲ (ಒಮ್ಮೆಗೆ ಬಳಸುವ ತರಂಗಗಳ ಹರವು) ಮಾತ್ರ ಬದಲಿಸುತ್ತಾ 40, 80, 160 ಮೆಗಾಹರ್ಟ್ಸ್ ಮೂರನ್ನೂ ಓಡಿಸಿ ನೋಡಿದೆ. ನನ್ನ ಓಟು 80ಕ್ಕೆ.

ಮೊದಲು ದೇಶದ ಕೋಡ್ ವಿಷಯ, ಅಂದರೆ ಯಾವ ದೇಶದ ರೇಡಿಯೊ ನಿಯಮ ಪಾಲಿಸಬೇಕು ಅಂತ ಕಾರ್ಡ್‌ಗೆ ಹೇಳುವ ಎರಡಕ್ಷರ. ಅದನ್ನು ಹಾಕದಿದ್ದರೆ ಲಿನಕ್ಸ್ '00' ಎಂಬ ಎಲ್ಲ ದೇಶಕ್ಕೂ ಹೊಂದುವ ನಿಯಮ ಹಿಡಿಯುತ್ತದೆ. ಅದರಲ್ಲಿ 5 ಗಿಗಾಹರ್ಟ್ಸ್‌ಗೆ 'ನೋ-ಐಆರ್' ಗುರುತು ಇರುತ್ತದೆ. ಅಂದರೆ ಕಾರ್ಡ್ ತಾನಾಗಿ ಮೊದಲು ಸಿಗ್ನಲ್ ಬಿಡುವ ಹಾಗಿಲ್ಲ. ಅಗಲದ ಮಾತು ಹಾಗಿರಲಿ, ಆಕ್ಸೆಸ್ ಪಾಯಿಂಟೇ ಶುರುವಾಗಲಿಲ್ಲ. ನೀವಿರುವ ದೇಶದ ಕೋಡನ್ನೇ ಹಾಕಿ, 'ಐಡಬ್ಲ್ಯೂ ರೆಗ್ ಗೆಟ್' ಕಮಾಂಡ್ ಕೊಡಿ. ಪ್ರತಿ ಸಾಲಿನಲ್ಲೂ '@' ಆದಮೇಲೆ ಬರುವ ಅಂಕಿಯೇ ಅಲ್ಲಿ ಒಪ್ಪಿಗೆ ಇರುವ ಗರಿಷ್ಠ ಅಗಲ. 80 ಅಂತ ಕಂಡರೂ ಅಕ್ಕಪಕ್ಕದ ಎರಡು ಸಾಲಿಗೂ 'ಆಟೋ-ಬಿಡಬ್ಲ್ಯೂ' ಗುರುತು ಇದ್ದರೆ ಎರಡನ್ನೂ ಕೂಡಿಸಿ 160 ಸಿಗುತ್ತದೆ. ಜಾಸ್ತಿ ಅಗಲದ ಆಸೆಗೆ ಬೇರೆ ದೇಶದ ಕೋಡ್ ಮಾತ್ರ ಹಾಕಬೇಡಿ. ಇದೇ 5 ಗಿಗಾಹರ್ಟ್ಸ್ ತರಂಗಗಳಲ್ಲಿ ರಾಡಾರ್‌ಗಳೂ ಕೆಲಸ ಮಾಡುತ್ತವೆ.

40ರಲ್ಲಿ ತಕರಾರಿಲ್ಲ, ವೇಗ ಕಡಿಮೆ ಅಷ್ಟೇ. ಸುತ್ತ ನೆಟ್‌ವರ್ಕ್ ತುಂಬಿದ್ದರೆ ಇದೇ ಒಳ್ಳೆಯದು.

ನಿಜವಾದ ಪೈಪೋಟಿ 80 ಮತ್ತು 160ರ ನಡುವೆ. ಅದೇ ಕೋಣೆಯಲ್ಲಿ ಕೂತರೆ ಎರಡು ಆಂಟೆನಾದ ಎಸಿ (ವೈಫೈ 5) ಲ್ಯಾಪ್‌ಟಾಪ್‌ಗೆ 80ರಲ್ಲಿ 867 ಮೆಗಾಬಿಟ್ ಲಿಂಕ್, 160ರಲ್ಲಿ 1733. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಆಕ್ಸೆಸ್ ಪಾಯಿಂಟಿಗೆ ಬರುವ ಕೇಬಲ್ ಒಂದು ಗಿಗಾಬಿಟ್‌ನದ್ದಾದರೆ ಲಾಭ ಅಲ್ಲೇ ನಿಲ್ಲುತ್ತದೆ. ಅಗಲ ಎರಡರಷ್ಟಾದರೆ ನಾಯ್ಸ್ (ಸಿಗ್ನಲ್ ಜೊತೆ ಸೇರುವ ಗದ್ದಲ) 3 ಡೆಸಿಬೆಲ್ ಏರುತ್ತದೆ. ಗೋಡೆ ದಾಟಿದ ಮೇಲೆ 160ರ ಮೇಲುಗೈ ಕರಗಿಹೋಯಿತು.

ಕಾಯುವುದು ಇನ್ನೊಂದು ಕಷ್ಟ. 80ಕ್ಕೆ 36ರಿಂದ 48ರ ಚಾನೆಲ್‌ಗಳು ಸಾಕು, ಬಹಳ ದೇಶಗಳಲ್ಲಿ ಅಲ್ಲಿ ರಾಡಾರ್ ತಪಾಸಣೆ ಇಲ್ಲ. 160ಕ್ಕೆ 64ರವರೆಗೆ ಬೇಕು, ಅದರ ಅರ್ಧ, ರಾಡಾರ್ ಇದೆಯೇ ಅಂತ ನೋಡಿಕೊಳ್ಳಲೇಬೇಕಾದ ಡಿಎಫ್‌ಎಸ್ ವ್ಯಾಪ್ತಿಯಲ್ಲಿದೆ. ಹಾಗಾಗಿ ಪ್ರತಿ ಸಲ ಶುರುವಾಗುವ ಮುಂಚೆ 60 ಸೆಕೆಂಡ್ ಸುಮ್ನೆ ಆಲಿಸಬೇಕು. ಯುರೋಪಿನಲ್ಲಿ ಹವಾಮಾನ ರಾಡಾರ್‌ನ 5600ರಿಂದ 5650 ಮೆಗಾಹರ್ಟ್ಸ್‌ನಲ್ಲಿ ಇದು 10 ನಿಮಿಷ. ನಡುವೆ ರಾಡಾರ್ ಕಂಡರೆ ಜಾಗ ಖಾಲಿ ಮಾಡಬೇಕು, 30 ನಿಮಿಷ ಆ ಕಡೆ ಹೋಗುವಂತಿಲ್ಲ. ವಿಡಿಯೊ ಕರೆಯ ಮಧ್ಯೆ ಹೀಗಾದರೆ ಯಾರಿಗೆ ಬೇಕು!

160 ಬೇಕೇ ಬೇಕು ಅನ್ನುವವರು ಲ್ಯಾಪ್‌ಟಾಪಿನ ಕಡೆಯೂ ನೋಡಿ. ಅದರ ನಿಯಮ ಅಷ್ಟು ಅಗಲ ಒಪ್ಪದಿದ್ದರೆ ಲಿನಕ್ಸ್ ತಾನಾಗಿಯೇ ಕಡಿಮೆ ಅಗಲಕ್ಕೆ ಇಳಿದು ಕನೆಕ್ಟ್ ಆಗುತ್ತದೆ. 'ಐಡಬ್ಲ್ಯೂ ಡೆವ್' ಕೊಟ್ಟರೆ ನಿಜವಾದ ಅಗಲ ಕಾಣುತ್ತದೆ.