ಹನ್ನೊಂದು ತಿಂಗಳ ಕಾರ್ಬ್ ಸೈಕ್ಲಿಂಗ್: ಕ್ರಮ ಒಳ್ಳೆಯದು, ಆ್ಯಪ್‌ಗೆ ನೀರಿನ ತೂಕ ಗೊತ್ತಿಲ್ಲ

ಶನಿವಾರ ಬೆಳಿಗ್ಗೆ 66.8 ಕೆ.ಜಿ. ಇದ್ದೆ. ಸೋಮವಾರ ಬೆಳಿಗ್ಗೆ 67.9. ನಡುವಿನ ಭಾನುವಾರ ನಾನು ತಿಂದದ್ದು ನನ್ನ ಊಟದ ಅಳತೆ ಗೊತ್ತುಮಾಡುವ ಆ್ಯಪ್ ಹೇಳಿದಷ್ಟನ್ನೇ, ಗ್ರಾಂ ಲೆಕ್ಕದಲ್ಲಿ ತೂಗಿ. ಆದರೂ ಮಧ್ಯಾಹ್ನದ ಹೊತ್ತಿಗೆ ಫೋನಿಗೆ ಸಂದೇಶ ಬಂತು: ತೂಕ ಇಳಿಯುವುದು ನಿಂತಿದೆ, ಆದ್ದರಿಂದ ಪ್ರತಿದಿನದ ಕಾರ್ಬ್‌ನಲ್ಲಿ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) 15 ಗ್ರಾಂ ಕಡಿತ ಮಾಡಲಾಗಿದೆ. ನನ್ನನ್ನು ಕೇಳಲಿಲ್ಲ, ಕಾರಣ ವಿವರಿಸಲಿಲ್ಲ. ವರ್ಷದ ಚಂದಾ ಒಟ್ಟಿಗೆ ಕಟ್ಟಿದ್ದೆ. ಇಂಥದ್ದಕ್ಕೆ ಸುಲಭವಾಗಿ ದುಡ್ಡು ಬಿಚ್ಚುವವಳಲ್ಲ ನಾನು. ಹಾಗಾಗಿ ಆ ಸಂದೇಶ ಇನ್ನಷ್ಟು ಚುಚ್ಚಿತು.

ಕಾರ್ಬ್ ಸೈಕ್ಲಿಂಗ್ ಅಂದರೆ ವಾರದ ಕೆಲವು ದಿನ ಕಾರ್ಬ್ ಹೆಚ್ಚು, ಕೆಲವು ದಿನ ಕಡಿಮೆ ತಿನ್ನುವ ಕ್ರಮ. ನನ್ನ ಅಂಕಿಗಳನ್ನು ಕೊಡುತ್ತೇನೆ. ಶುರುವಿನಲ್ಲಿ ತೂಕ 71 ಕೆ.ಜಿ. ವಾರಕ್ಕೆ ನಾಲ್ಕು ದಿನ ಜಿಮ್. ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವುದು) ಮತ್ತು ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು) ಇರುವ ಎರಡು ದಿನ ಕಾರ್ಬ್ 230 ಗ್ರಾಂ, ಕೊಬ್ಬು 40. ಕೈ, ಎದೆ, ಭುಜಗಳ ವ್ಯಾಯಾಮದ ಎರಡು ದಿನ ಕಾರ್ಬ್ 150, ಕೊಬ್ಬು 50. ಬಿಡುವಿನ ಮೂರು ದಿನ ಕಾರ್ಬ್ 80, ಕೊಬ್ಬು 65. ಪ್ರೋಟೀನ್ ಮಾತ್ರ ಏಳೂ ದಿನ 120 ಗ್ರಾಂ. ವಾರದ ಸರಾಸರಿ ತೆಗೆದರೆ ದಿನಕ್ಕೆ 1530 ಕ್ಯಾಲೊರಿ ಆಸುಪಾಸು. ತೂಕ ಏರದೆ ಇಳಿಯದೆ ಇರಲು ನನಗೆ ಬೇಕಾಗುವುದು 1850ರ ಹತ್ತಿರ.

ಈ ಸರಾಸರಿಯ ಸಾಲನ್ನು ಮೊದಲೇ ಹೇಳಲು ಕಾರಣವಿದೆ. ಕೊಬ್ಬು ಕರಗಿಸುವುದು ಈ ಸರಾಸರಿಯೇ, ದಿನಗಳ ಅದಲುಬದಲು ಅಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಿಮೆ ಕೊಬ್ಬು, ಇನ್ನೊಂದಕ್ಕೆ ಕಡಿಮೆ ಕಾರ್ಬ್ ಕೊಟ್ಟು ಒಂದು ವರ್ಷ ನೋಡಿದರು. ಒಂದು ಗುಂಪು ಸರಾಸರಿ 5.3 ಕೆ.ಜಿ., ಇನ್ನೊಂದು 6 ಕೆ.ಜಿ. ಇಳಿಯಿತು. ಗಣನೆಗೆ ತೆಗೆದುಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾದರೆ ಈ ತಾಪತ್ರಯ ಯಾಕೆ? ನನಗೆ ಜಿಮ್‌ನಲ್ಲಿ ಎತ್ತುವ ಭಾರ ಇಳಿಸುವುದು ಬೇಡವಾಗಿತ್ತು, ಅದಕ್ಕೆ. ಹಿಂದೆ ಎರಡು ಸಲ ದಿನವೂ ಒಂದೇ ಅಳತೆಯಲ್ಲಿ ಕಡಿಮೆ ತಿಂದು ತೂಕ ಇಳಿಸಿದ್ದೆ. ಎರಡು ಸಲವೂ ಸ್ಕ್ವಾಟ್ 70 ಕೆ.ಜಿ.ಯಿಂದ 60ಕ್ಕೆ ಬಿದ್ದಿತ್ತು. ಇರುವಷ್ಟೇ ಕಾರ್ಬ್ ಅನ್ನು ಕಾಲುಗಳಿಗೆ ಬೇಕಾದ ದಿನಕ್ಕೆ ಸರಿಸುವುದು, ಬೇಡದ ದಿನ ಆ ಜಾಗವನ್ನು ಕೊಬ್ಬಿಗೆ ಬಿಡುವುದು, ಈ ಕ್ರಮದಲ್ಲಿ ಇರುವುದು ಅಷ್ಟೇ. ಆ ಅಷ್ಟು ನನಗೆ ಬಹಳವಾಯಿತು.

ಮೊದಲ ಮೂರು ತಿಂಗಳು ನಿಜಕ್ಕೂ ಖುಷಿಯಿಂದ ಕಳೆದವು. ಸ್ಕ್ವಾಟ್‌ನ ಹಿಂದಿನ ರಾತ್ರಿ ಅಡುಗೆಮನೆಯ ತಕ್ಕಡಿಯ ಮೇಲೆ ಬಟ್ಟಲಿಟ್ಟು, ಸೊನ್ನೆ ಮಾಡಿ, ಅಕ್ಕಿ ಸುರಿಯುತ್ತಿದ್ದೆ. 150 ಗ್ರಾಂ. ಯಾವಾಗಲೂ ಅಕ್ಕಿಯನ್ನೇ ತೂಗುತ್ತೇನೆ, ಅನ್ನವನ್ನಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಕಾರ್ಬ್ ಇರುತ್ತದೆ. ಅದೇ ಅನ್ನವಾದರೆ ನೀರು ಎಷ್ಟು ಹೀರಿದೆ ಎಂಬುದರ ಮೇಲೆ 100 ಗ್ರಾಂಗೆ 28ರ ಆಸುಪಾಸು, ಒಂದೊಂದು ದಿನ ಒಂದೊಂದು ಥರ. ಆ್ಯಪ್‌ನ ಪಟ್ಟಿಯಲ್ಲಿ ಎರಡೂ "ಅಕ್ಕಿ, ಬಿಳಿ" ಎಂಬ ಒಂದೇ ಹೆಸರಲ್ಲಿವೆ. ತಪ್ಪಿ ಇನ್ನೊಂದನ್ನು ಒತ್ತಿದರೆ ಇಡೀ ದಿನದ ಲೆಕ್ಕ ಬುಡಮೇಲು.

ಕಡಿಮೆ ಕಾರ್ಬ್ ದಿನದ ಪಾಠ ಎಣ್ಣೆಯದು. ಆ ದಿನ ಕೊಬ್ಬು ಜಾಸ್ತಿ ತಿನ್ನಬಹುದು ಅನ್ನುವುದೇ ಮೋಸಕ್ಕೆ ದಾರಿ. ಕಾರ್ಬ್‌ನ ಒಂದು ಗ್ರಾಂಗೆ 4 ಕ್ಯಾಲೊರಿಯಾದರೆ ಕೊಬ್ಬಿನ ಒಂದು ಗ್ರಾಂಗೆ 9. ಕೈ ಸ್ವಲ್ಪ ಜಾರಿ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚು ಬಿದ್ದರೆ 120 ಕ್ಯಾಲೊರಿ ಹೆಚ್ಚಾಯಿತು. ನಾನು ಎಣ್ಣೆಯ ಬಾಟಲಿಯನ್ನೇ ತಕ್ಕಡಿ ಮೇಲೆ ಇಟ್ಟು ಸೊನ್ನೆ ಮಾಡುತ್ತೇನೆ. ಬಾಣಲೆಗೆ ಸುರಿದು ಬಾಟಲಿಯನ್ನು ಮತ್ತೆ ಇಟ್ಟರೆ ತಕ್ಕಡಿ ಮೈನಸ್ 9 ಅನ್ನುತ್ತದೆ. ಚಮಚ ಬೇಡ, ಅಂದಾಜು ಬೇಡ. ಬಾದಾಮಿ ಡಬ್ಬಿಗೂ ಇದೇ ಉಪಾಯ. ಈ ಹನ್ನೊಂದು ತಿಂಗಳಲ್ಲಿ ನಾನು ಕಲಿತದ್ದರಲ್ಲಿ ಅತ್ಯಂತ ಉಪಯೋಗಕ್ಕೆ ಬಂದದ್ದು ಈ ಮೈನಸ್ ಅಂಕಿ, ಮತ್ತು ಅದಕ್ಕೆ ಆ್ಯಪ್ ಬೇಕಿಲ್ಲ.

ಮಗಳಿಗೆ ಏಳು ವರ್ಷ. ಬೆಳಿಗ್ಗೆ ಎದ್ದವಳೇ "ಅಮ್ಮಾ, ಇವತ್ತು ಅನ್ನದ ದಿನಾನಾ?" ಅಂತ ಕೇಳುವುದು ಅಭ್ಯಾಸವಾಯಿತು. ಹೌದು ಅಂದರೆ ಅವಳಿಗೂ ಸಡಗರ, ಯಾಕೆಂದರೆ ಆ ದಿನ ಇಬ್ಬರೂ ಜೊತೆಗೆ ಕೂತು ತಟ್ಟೆ ತುಂಬಾ ಉಣ್ಣುತ್ತೇವೆ. ಕಡಿಮೆ ತಿನ್ನುವ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಲ ಹೊಟ್ಟೆ ತುಂಬಿ ಏಳುವುದು ಎಷ್ಟು ದೊಡ್ಡದು ಎಂಬುದು ಅನುಭವಿಸಿದವರಿಗೇ ಗೊತ್ತು.

ನಾಲ್ಕನೇ ತಿಂಗಳು ಕೆಲಸದ ಪಾಳಿ ಬದಲಾಗಿ ಸ್ಕ್ವಾಟ್ ದಿನವನ್ನು ಗುರುವಾರದಿಂದ ಭಾನುವಾರಕ್ಕೆ ಹಾಕಿಕೊಂಡೆ. ಅಲ್ಲಿಂದ ಕೆಟ್ಟಿತು. ಆ್ಯಪ್ ತೂಕ ಹೋಲಿಸುವುದು ಸೋಮವಾರ. ಅಲ್ಲಿಯವರೆಗೆ ಸೋಮವಾರಕ್ಕೆ ಮೊದಲು ಎರಡು ಕಡಿಮೆ ದಿನ ಇರುತ್ತಿದ್ದವು. ಈಗ ಹಿಂದಿನ ದಿನವೇ ಹೆಚ್ಚಿನ ದಿನ. ಮೈ ಕಾರ್ಬ್ ಅನ್ನು ಗ್ಲೈಕೋಜನ್ ಆಗಿ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಇದರ ಮೇಲೆ ಹೊಟ್ಟೆಯಲ್ಲಿನ್ನೂ ಇರುವ ಊಟ, ಉಪ್ಪು ಹಿಡಿದ ನೀರು. ಒಂದು ಕೆ.ಜಿ. ಏರಲು ಇಷ್ಟು ಸಾಕು. ಅದರಲ್ಲಿ ಕೊಬ್ಬು ಅನ್ನುವುದು ಇಲ್ಲವೇ ಇಲ್ಲ ಅನ್ನಬಹುದು.

ಈ ಕೂಡಿಡುವಿಕೆಯ ಬಗ್ಗೆ ನನಗೆ ಬಹಳ ಇಷ್ಟವಾದ ಪ್ರಯೋಗ 1966ರದ್ದು. ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಹಲ್ಟ್‌ಮನ್ ಎಂಬ ಇಬ್ಬರು ಸಂಶೋಧಕರು ಒಂದೇ ಸೈಕಲ್ಲಿನ ಆಚೆ ಒಬ್ಬರು ಈಚೆ ಒಬ್ಬರು ಕೂತು, ತಲಾ ಒಂದೇ ಕಾಲಿನಲ್ಲಿ ಸುಸ್ತಾಗುವವರೆಗೆ ತುಳಿದರು. ನಂತರ ಮೂರು ದಿನ ಕಾರ್ಬ್ ಹೆಚ್ಚಿರುವ ಊಟ ಮಾಡಿ, ಎರಡೂ ತೊಡೆಗಳಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ತುಳಿದ ಕಾಲಿನಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿನ ಎರಡರಷ್ಟಿತ್ತು. ದುಡಿದ ಸ್ನಾಯುವೇ ಉಣ್ಣುತ್ತದೆ. ನನ್ನ ಸ್ಕ್ವಾಟ್ ದಿನದ ಅನ್ನಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಬೇಕಿಲ್ಲ.

ಆ್ಯಪ್‌ಗೆ ಇದೆಲ್ಲ ಗೊತ್ತಿರಬೇಕಿತ್ತು, ಅದರ ಕಸುಬೇ ಇದು. ಮೊದಲ ಕಡಿತವಾಗಿ ಎರಡು ವಾರಕ್ಕೆ ಮುಟ್ಟಿನ ಮುಂಚಿನ ದಿನಗಳು ಬಂದವು. ಆಗ ಮೈ ನೀರು ಹಿಡಿಯುವುದು ಸಾಮಾನ್ಯ. ತೂಕ ಮತ್ತೆ ಏರಿತು, ಮತ್ತೆ 15 ಗ್ರಾಂ ಕಡಿತ. ಆಮೇಲೆ ಮೂರನೆಯದು. ಕಡಿಮೆ ದಿನದ ಕಾರ್ಬ್ 35 ಗ್ರಾಂಗೆ ಇಳಿಯಿತು, ಕ್ಯಾಲೊರಿ 1200ಕ್ಕೆ. ಆಗಲೇ ನಾನು ನಿಲ್ಲಿಸಬೇಕಿತ್ತು, ಆದರೆ ಅಂಕಿಗಳನ್ನು ನಂಬಿದೆ. ರಾತ್ರಿ ಮೂರಕ್ಕೆ ಎಚ್ಚರವಾಗುತ್ತಿತ್ತು. ಮಗಳ ಮೇಲೆ ವಿನಾಕಾರಣ ರೇಗಿದೆ. ಸ್ಕ್ವಾಟ್‌ನಲ್ಲಿ ಐದು ರೆಪ್‌ನ ಸೆಟ್ (ಬಿಡುವಿಲ್ಲದೆ ಐದು ಸಲ ಎತ್ತುವುದು) ಹೇಗೋ ಏಳುತ್ತಿತ್ತು, ಎಂಟರ ಸೆಟ್‌ನಲ್ಲಿ ಐದನೆಯದಕ್ಕೇ ತೊಡೆ ಖಾಲಿ. ಆ ತಿಂಗಳ ಮುಟ್ಟು ಹತ್ತು ದಿನ ತಡವಾಯಿತು. ಅದು ನನ್ನನ್ನು ಹೆದರಿಸಿತು.

ಸಹಾಯ ವಿಭಾಗಕ್ಕೆ ದಿನಾಂಕ, ತೂಕ, ಊಟ ಎಲ್ಲ ಬರೆದು ಕಳಿಸಿದೆ. ನೀರು ಚೆನ್ನಾಗಿ ಕುಡಿಯಿರಿ, ಯೋಜನೆಯನ್ನು ಬಿಡದೆ ಪಾಲಿಸಿ ಎಂದು ನಾಲ್ಕು ದಿನದ ಮೇಲೆ ಉತ್ತರ ಬಂತು. ನಾನು ಬರೆದದ್ದನ್ನು ಓದಿದ ಲಕ್ಷಣ ಅದರಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಸೆಟ್ಟಿಂಗ್ಸ್ ಕೆದಕಿ, ಮೂರನೇ ಪುಟದ ಕೆಳಗೆ, ತಾನಾಗಿ ಬದಲಿಸುವ ಆಯ್ಕೆಯನ್ನು ಆಫ್ ಮಾಡಿದೆ. ಹಳೆಯ ಅಂಕಿಗಳಿಗೆ ಮರಳಿದೆ. ಈಗ ತೂಕ ನೋಡುವುದು ವಾರಕ್ಕೊಮ್ಮೆ, ಎರಡು ಕಡಿಮೆ ದಿನ ಒಟ್ಟಿಗೆ ಮುಗಿದ ಮರುದಿನ ಬೆಳಿಗ್ಗೆ. ಹೋಲಿಸುವುದು ಹಿಂದಿನ ವಾರಕ್ಕಲ್ಲ, ಹಿಂದಿನ ತಿಂಗಳ ಮುಟ್ಟಿನ ಚಕ್ರದ ಅದೇ ವಾರಕ್ಕೆ. ಜೊತೆಗೆ ಸೊಂಟದ ಅಳತೆ ಟೇಪು. ಹೀಗೆ ನೋಡತೊಡಗಿದ ಮೇಲೆ ಗೊತ್ತಾಯಿತು, ಆ್ಯಪ್ "ನಿಂತಿದೆ" ಅಂದ ವಾರಗಳಲ್ಲೂ ಕೊಬ್ಬು ಇಳಿಯುತ್ತಲೇ ಇತ್ತು.

ಎರಡು ವಾರದಲ್ಲಿ ನಿದ್ದೆ ಮರಳಿತು, ಎಂಟರ ಸೆಟ್ ಮರಳಿತು. ಇವತ್ತಿಗೆ ತೂಕ 64.5, ಸೊಂಟ 88ರಿಂದ 80 ಸೆಂಟಿಮೀಟರ್. ಸ್ಕ್ವಾಟ್ 70 ಕೆ.ಜಿ.ಗೆ ಐದು ರೆಪ್, ಹಾಗೇ ಉಳಿದಿದೆ. ಡೆಡ್‌ಲಿಫ್ಟ್ 90ರಿಂದ 95 ಆಗಿದೆ. ಬೆಂಚ್ ಪ್ರೆಸ್ (ಮಲಗಿ ಎದೆಯ ಮೇಲಿಂದ ಭಾರ ಎತ್ತುವುದು) ಮಾತ್ರ 37.5ರಿಂದ 35ಕ್ಕೆ ಇಳಿಯಿತು, ಅದನ್ನು ಮುಚ್ಚಿಡುವುದಿಲ್ಲ. ಕ್ರಮಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ, ಆ್ಯಪ್‌ಗೆ ಎರಡು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ. ಕಡಿಮೆ ಕಾರ್ಬ್ ದಿನವೂ ಅದೇ ಪ್ರಮಾಣದ ಔಷಧಿ ಹೋದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆ್ಯಪ್ ನೋಂದಣಿಯ ಪ್ರಶ್ನೆಗಳಲ್ಲಿ ಇದನ್ನು ಕೇಳುವುದೇ ಇಲ್ಲ, ಮುಟ್ಟಿನ ಬಗ್ಗೆಯೂ ಕೇಳುವುದಿಲ್ಲ.

ಚಂದಾ ಮುಂದಿನ ತಿಂಗಳು ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರ್‌ನಲ್ಲಿ ಮೂರು ಬಣ್ಣದ ಪೆನ್ನಿನಿಂದ ದಿನಗಳನ್ನು ಗುರುತು ಮಾಡಲು ಶುರುಮಾಡಿದ್ದೇನೆ. ಹಸಿರು ಬಣ್ಣದ್ದು ಅನ್ನದ ದಿನ, ಅದನ್ನು ಮಗಳೇ ಬರೆಯುತ್ತಾಳೆ. ತೂಕ ನಮೂದಿಸುವ ಜಾಗದ ಪಕ್ಕದಲ್ಲಿ "ನಿನ್ನೆ ಹೆಚ್ಚಿನ ಕಾರ್ಬ್ ದಿನವೇ?" ಎಂದು ಕೇಳುವ ಒಂದು ಚೌಕವನ್ನು ಅವರು ಸೇರಿಸಿದ ದಿನ ನಾನು ಮತ್ತೆ ಚಂದಾ ಕಟ್ಟಲು ತಯಾರಿದ್ದೇನೆ.