ಟ್ರಾನ್ಸ್‌ಫಾರ್ಮರ್ ಆಯಿಲ್ ಫಿಲ್ಟರ್ ಸೇವೆ, ಕಲಬುರಗಿ: ಮಷೀನ್ ಚಲೋ, ಕ್ರಮ ತಪ್ಪು

ಕಪನೂರಿನ ದಾಲ್ ಮಿಲ್‌ಗಳಿಗೇ ಬಂದು ಆಯಿಲ್ ಫಿಲ್ಟರ್ ಮಾಡಿಕೊಡುವ ಇವರ ಮಷೀನ್ ಚಲೋ ಇದೆ. ವ್ಯಾಕ್ಯೂಮ್ ಸರಿಯಾಗಿ ಹಿಡಿಯುತ್ತದೆ, ಎಣ್ಣೆ 60 ಡಿಗ್ರಿ ಬಿಸಿಯಾಗುತ್ತದೆ, ಎಣ್ಣೆ ಎಷ್ಟು ವೋಲ್ಟೇಜ್ ತಡೆಯುತ್ತದೆ ಎಂದು ನೋಡುವ, 2.5 ಮಿ.ಮೀ. ಗ್ಯಾಪ್‌ನ ಬಿಡಿವಿ ಟೆಸ್ಟ್ ಕಣ್ಣೆದುರೇ ಮಾಡುತ್ತಾರೆ.

ಆದರೆ ಒಳಗೆ ದೋಷವಾದರೆ ಸಪ್ಲೈ ಕಡಿಯುವ ಬುಕೋಲ್ಜ್ ರಿಲೇ ಟ್ರಿಪ್ ಆದ ಟ್ರಾನ್ಸ್‌ಫಾರ್ಮರ್‌ಗೂ ನೇರ ಫಿಲ್ಟರ್ ಹಚ್ಚುತ್ತಾರೆ. ಇದು ದೊಡ್ಡ ತಪ್ಪು. ಒಳಗೆ ಆರ್ಕ್ (ವಿದ್ಯುತ್ ಕಿಡಿ) ಆದರೆ ಎಣ್ಣೆಯ ಅಣುಗಳು ಒಡೆದು ಹೈಡ್ರೋಜನ್, ಅಸಿಟಿಲೀನ್ ಹುಟ್ಟಿ ಅದರಲ್ಲೇ ಕರಗುತ್ತವೆ. ಇಂಗಾಲದ ಕರಿ ಪುಡಿಯೂ ಸೇರುತ್ತದೆ. ಫಿಲ್ಟರ್ ಪುಡಿ ಹಿಡಿಯುತ್ತದೆ, ವ್ಯಾಕ್ಯೂಮ್ ಗ್ಯಾಸ್ ಎಳೆದುಬಿಡುತ್ತದೆ, ದೋಷದ ಸುಳಿವೇ ಹೋಗುತ್ತದೆ. ಬಿಡಿವಿ ಏರುತ್ತದೆ, ಸುಟ್ಟ ವೈಂಡಿಂಗ್ ಹಾಗೇ ಉಳಿಯುತ್ತದೆ!

ಕರೆಸುವವರು ಮೊದಲು ಕೆಳಗಿನ ವಾಲ್ವ್‌ನಿಂದ ಒಂದೆರಡು ಲೀಟರ್ ಹೊರಬಿಟ್ಟು, ಗಾಜಿನ ಸಿರಿಂಜ್‌ಗೆ ಗುಳ್ಳೆ ಸೇರದಂತೆ ಸ್ಯಾಂಪಲ್ ತುಂಬಿ, ಎಣ್ಣೆಯಲ್ಲಿ ಕರಗಿದ ಗ್ಯಾಸ್ ಅಳೆಯುವ ಡಿಜಿಎ ಟೆಸ್ಟ್‌ಗೆ ಕಳಿಸಿರಿ. ಫಿಲ್ಟರ್ ಆಮೇಲೆ.