ಕಲಬುರಗಿ ಬಿಸಿಲಿಗೆ ಡಬಲ್ ಗಾಜು: ಯಾವ ನಂಬರ್ ನೋಡಿ ಕೊಳ್ಳಬೇಕು?

ಮೊದಲೇ ಹೇಳಿಬಿಡ್ತೀನಿ. ನಮ್ಮ ಕಡೆಯ ಬಿಸಿಲಿಗೆ ಕಿಟಕಿಗೆ ಡಬಲ್ ಗ್ಲೇಜ್ಡ್ ಗಾಜು (ನಡುವೆ ಗಾಳಿ ಬಿಟ್ಟು ಜೋಡಿಸಿದ ಎರಡು ಗಾಜು) ಹಾಕಿಸುವವರು ಯು-ವ್ಯಾಲ್ಯೂ (ಹೊರಗಿನ ಕಾವು ಗಾಜು ದಾಟುವ ಲೆಕ್ಕ) ಕೇಳುವ ಮುಂಚೆ ಎಸ್‌ಎಚ್‌ಜಿಸಿ (ನೇರ ಬಿಸಿಲಿನ ಶಾಖ ಒಳಗೆ ಬರುವ ಲೆಕ್ಕ) ಕೇಳಿ. ಅಂಗಡಿಯಲ್ಲಿ ಇದರ ಉಲ್ಟಾ ನಡೆಯುತ್ತದೆ. ಯು-ವ್ಯಾಲ್ಯೂ ದಪ್ಪಕ್ಷರದಲ್ಲಿ, ಇನ್ನೊಂದು ನಂಬರ್ ಬ್ರೋಷರಿನ ಮೂಲೆಯಲ್ಲಿ.

ನಮ್ಮ ಮನೆ ಇರುವುದು ಕಲಬುರಗಿಯಲ್ಲಿ. ಏಪ್ರಿಲ್-ಮೇನಲ್ಲಿ 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಹಾಲ್ ಮತ್ತು ಒಂದು ಬೆಡ್‌ರೂಮಿನ ಕಿಟಕಿಗಳು ಪಶ್ಚಿಮಕ್ಕಿವೆ. 2019ರಲ್ಲಿ ಅವಕ್ಕೆ ಲೋ-ಇ ಕೋಟಿಂಗ್, ಅಂದರೆ ಶಾಖ ತಡೆಯುವ ತೆಳು ಲೋಹದ ಪದರ, ಇರುವ ಡಬಲ್ ಗಾಜು ಹಾಕಿಸಿದೆವು. ಹೊರಗೆ 6 ಮಿ.ಮೀ. ಗಾಜು, ನಡುವೆ 12 ಮಿ.ಮೀ. ಗಾಳಿ, ಒಳಗೆ 6 ಮಿ.ಮೀ. ಗಾಜು. ಫ್ರೇಮ್ ಯುಪಿವಿಸಿ, ಅಂದರೆ ಗಟ್ಟಿ ಪ್ಲಾಸ್ಟಿಕ್. ಕಾಗದದ ಮೇಲೆ ಯು-ವ್ಯಾಲ್ಯೂ 1.6, ಎಸ್‌ಎಚ್‌ಜಿಸಿ 0.30, ವಿಎಲ್‌ಟಿ (ನೂರರಲ್ಲಿ ಒಳಗೆ ಬರುವ ಬೆಳಕಿನ ಪಾಲು) 45. ಮೆಟ್ಟಿಲ ಹತ್ತಿರದ ಪಶ್ಚಿಮದ ಕಿಟಕಿಗೆ ಮಾತ್ರ ಸಾದಾ ಒಂಟಿ ಗಾಜು ಸಾಕೆಂದು ಬಿಟ್ಟೆವು. ಹಾಗಾಗಿ ಒಂದೇ ಗೋಡೆಯಲ್ಲಿ ಎರಡೂ ನಮೂನೆ ಇವೆ. ಹೋಲಿಸಿ ನೋಡಲು ಇದಕ್ಕಿಂತ ಇನ್ನೇನು ಬೇಕು!

ಈ ನಂಬರ್‌ಗಳ ಅರ್ಥ ಇಷ್ಟು. ಹೊರಗೂ ಒಳಗೂ ಬಿಸಿಯಲ್ಲಿ ವ್ಯತ್ಯಾಸ ಇದ್ದಾಗ ಗಾಜಿನ ಮೂಲಕ ಎಷ್ಟು ಶಾಖ ದಾಟುತ್ತದೆ ಅನ್ನುವುದು ಯು-ವ್ಯಾಲ್ಯೂ. ಒಂದು ಚದರ ಮೀಟರ್ ಗಾಜು, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಬಿಡುತ್ತದೆ ಅಂತ ಲೆಕ್ಕ. ಎಸ್‌ಎಚ್‌ಜಿಸಿ ಬೇರೆ. ಗಾಜಿನ ಮೇಲೆ ನೇರ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಅನ್ನುವುದು ಅದು. 0.30 ಅಂದರೆ ನೂರರಲ್ಲಿ ಮೂವತ್ತು. ಯು-ವ್ಯಾಲ್ಯೂ ಕಂಬಳಿ ಇದ್ದ ಹಾಗೆ, ಎಸ್‌ಎಚ್‌ಜಿಸಿ ಛತ್ರಿ ಇದ್ದ ಹಾಗೆ. ಕಲಬುರಗಿ ಬಿಸಿಲಲ್ಲಿ ಕಂಬಳಿ ಹೊದ್ದು ಯಾರೂ ಹೊರಗೆ ಹೋಗಲ್ಲ ಅಲ್ವಾ?

ಗಾಜಿನವರು ನಮಗೆ ಮೊದಲು ತೋರಿಸಿದ್ದು ಕೋಟಿಂಗ್ ಇಲ್ಲದ ಕ್ಲಿಯರ್ ಡಬಲ್ ಗಾಜು. "ಅರ್ಧಕ್ಕರ್ಧ ಕಾವು ಒಳಗ ಬರಂಗಿಲ್ರಿ ಮೇಡಂ" ಅಂದರು. ಮಾತು ಪೂರ್ತಿ ಸುಳ್ಳಲ್ಲ. ಒಂಟಿ ಗಾಜಿನ ಯು-ವ್ಯಾಲ್ಯೂ 5.7ರ ಆಸುಪಾಸು, ಕ್ಲಿಯರ್ ಡಬಲ್‌ನದು 2.8. ಅರ್ಧ ಆಯ್ತು. ಆದರೆ ಅರ್ಧ ಆಗಿದ್ದು ಯಾವುದರಲ್ಲಿ?

ನಾಲ್ಕಡಿ-ಐದಡಿ ಕಿಟಕಿ ತಗೊಳ್ಳಿ, ಹೆಚ್ಚುಕಡಿಮೆ 1.9 ಚದರ ಮೀಟರ್. ಸಂಜೆ ನಾಲ್ಕೂವರೆ. ಹೊರಗೆ 42, ಒಳಗೆ ಎಸಿ ಹಾಕಿ 27. ವ್ಯತ್ಯಾಸ 15 ಡಿಗ್ರಿ. ಒಂಟಿ ಗಾಜಾದರೆ ಈ ವ್ಯತ್ಯಾಸದಿಂದ ದಾಟಿ ಬರುವ ಶಾಖ ಸುಮಾರು 160 ವ್ಯಾಟ್. ಕ್ಲಿಯರ್ ಡಬಲ್‌ಗೆ 80. ನಮ್ಮ ಲೋ-ಇಗೆ 45. ಈಗ ಬಿಸಿಲಿನ ಲೆಕ್ಕ. ಪಶ್ಚಿಮದ ಗೋಡೆಗೆ ಆ ಹೊತ್ತಲ್ಲಿ ಚದರ ಮೀಟರಿಗೆ 600 ವ್ಯಾಟ್ ಬಿಸಿಲು ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಒಂಟಿ ಗಾಜಿನ ಎಸ್‌ಎಚ್‌ಜಿಸಿ 0.82, ಒಳಗೆ ಬರುವುದು 935 ವ್ಯಾಟ್. ಕ್ಲಿಯರ್ ಡಬಲ್ 0.70, ಅಂದರೆ 800. ನಮ್ಮದು 0.30, ಅಂದರೆ 340.

ಎರಡೂ ಕೂಡಿಸಿ. ಒಂಟಿ ಗಾಜಿಗೆ 1,095 ವ್ಯಾಟ್, ಕ್ಲಿಯರ್ ಡಬಲ್‌ಗೆ 880, ಲೋ-ಇಗೆ 385. "ಅರ್ಧಕ್ಕರ್ಧ" ಅಂದ ಕ್ಲಿಯರ್ ಡಬಲ್ ಗಾಜು ನಿಜವಾಗಿ ಕಡಿಮೆ ಮಾಡಿದ್ದು ಐದರಲ್ಲಿ ಒಂದು ಪಾಲು. ಉಳಿದ ಕೆಲಸ ಮಾಡುವುದು ಕೋಟಿಂಗ್. ಈ ಲೆಕ್ಕವನ್ನು ಕೊಟೇಶನ್ ಹಿಂಭಾಗದಲ್ಲೇ ಪೆನ್ನಲ್ಲಿ ಮಾಡಿ ತೋರಿಸಿದೆ. ಆಮೇಲೆ ಲೋ-ಇ ಸ್ಯಾಂಪಲ್ ಹೊರಗೆ ಬಂತು. ಅವರ ರೇಟಿನಲ್ಲಿ ಅದು ಕ್ಲಿಯರ್ ಡಬಲ್‌ಗಿಂತ ಕಾಲು ಭಾಗ ಜಾಸ್ತಿ ಇತ್ತು.

ಇದರ ಫಲ ನನಗೆ ಚೆನ್ನಾಗಿ ತಿಳಿಯುವುದು ಬರಿಗಾಲಿಗೆ. ಮನೆಗೆಲ್ಲ ಶಹಾಬಾದ್ ಕಲ್ಲು ಹಾಸಿದ್ದೇವೆ. ಸಂಜೆ ಐದಕ್ಕೆ ಮೆಟ್ಟಿಲ ಕಿಟಕಿಯ ಬಿಸಿಲು ಬೀಳುವ ಚೌಕದ ಮೇಲೆ ಕಾಲಿಟ್ಟರೆ ಅಲ್ಲಿ ನಿಲ್ಲಲಾಗದು. ಹಾಲ್‌ನ ಬಿಸಿಲು ಚೌಕದ ಮೇಲೆ ಆರಾಮಾಗಿ ನಿಲ್ಲಬಹುದು. ಬೆಚ್ಚಗಿರುತ್ತದೆ, ಅಷ್ಟೇ. ಗಾಜು ಮುಟ್ಟಿದರೂ ಗೊತ್ತಾಗುತ್ತದೆ. ಲೋ-ಇ ಕಿಟಕಿಯ ಹೊರಗಿನ ಮೈ ಕೈಯಿಡಲಾರದಷ್ಟು ಕಾದಿರುತ್ತದೆ, ಒಳಗಿನ ಮೈ ಉಗುರುಬೆಚ್ಚಗೆ. ಕೋಟಿಂಗ್ ತಡೆದ ಶಾಖದಲ್ಲಿ ಸ್ವಲ್ಪ ಭಾಗ ಹೊರಗಿನ ಗಾಜಿನಲ್ಲೇ ಉಳಿಯುತ್ತದೆ. ಅದಕ್ಕೇ ಹೊರಗಿನದು ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜೇ ಆಗಿರಲಿ.

ನನ್ನ ತಮ್ಮ ಮಿನಿಯಾಪೊಲಿಸ್‌ನಲ್ಲಿದ್ದಾನೆ. ಅವನ ಮನೆ ಕಿಟಕಿಗೆ ಎನ್‌ಎಫ್‌ಆರ್‌ಸಿ (ಕಿಟಕಿಗಳಿಗೆ ರೇಟಿಂಗ್ ಕೊಡುವ ಅಲ್ಲಿನ ಸಂಸ್ಥೆ) ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಯು-ಫ್ಯಾಕ್ಟರ್, ಅಂದರೆ ನಮ್ಮ ಯು-ವ್ಯಾಲ್ಯೂನೇ, 0.27. "ಅಕ್ಕಾ, ನಂದು 0.27 ಅದ, ನಿಂದ್ಯಾಕ 1.6?" ಅಂತ ಕಿಚಾಯಿಸಿದ. ಅಮೆರಿಕದವರ ಅಳತೆ ಬೇರೆ, ಬಿಟಿಯು, ಅಡಿ, ಫ್ಯಾರನ್‌ಹೀಟ್ ಲೆಕ್ಕ. ಅದನ್ನು 5.678ರಿಂದ ಗುಣಿಸಿದರೆ ನಮ್ಮ ಅಳತೆ ಸಿಗುತ್ತದೆ. ಅವನದು 1.53. ನಂದು 1.6. ಆದರೂ ಅವನೇ ಗೆದ್ದ ಅನ್ನಿ, ಯಾಕೆಂದರೆ ಆ ಸ್ಟಿಕ್ಕರಿನ ನಂಬರ್ ಫ್ರೇಮ್ ಸೇರಿಸಿ ಇಡೀ ಕಿಟಕಿಯದು. ನಮ್ಮಲ್ಲಿ ಗಾಜಿನ ಕಂಪನಿಯವರು ಕೊಡುವುದು ಗಾಜಿನ ನಡುಭಾಗದ ನಂಬರ್ ಮಾತ್ರ. ಸಾದಾ ಅಲ್ಯೂಮಿನಿಯಂ ಫ್ರೇಮ್ ಹಾಕಿಸಿದರೆ 1.6 ಕಾಗದದಲ್ಲೇ ಉಳಿಯುತ್ತದೆ. ಅಲ್ಯೂಮಿನಿಯಂ ಶಾಖವನ್ನು ಸಲೀಸಾಗಿ ದಾಟಿಸುತ್ತದೆ. ನಾವು ಯುಪಿವಿಸಿಗೆ ಹೋಗಿದ್ದು ಇದಕ್ಕೇ.

ಅವನ ಊರಲ್ಲಿ ಚಳಿಗಾಲಕ್ಕೆ ಹೀಟರ್ ಬೇಕು. ಬಿಸಿಲು ಒಳಗೆ ಬಂದರೆ ಅವರಿಗೆ ಲಾಭ. ಹಾಗಾಗಿ ಅಲ್ಲಿ ಯು-ಫ್ಯಾಕ್ಟರೇ ದೊಡ್ಡದು. ಅಮೆರಿಕದಲ್ಲೇ ದಕ್ಷಿಣಕ್ಕೆ ಬಂದರೆ ಮಾತು ತಿರುಗುತ್ತದೆ. ಕರೆಂಟ್ ಉಳಿಸುವ ಸಾಮಾನಿಗೆ ಅಲ್ಲಿ ಎನರ್ಜಿ ಸ್ಟಾರ್ ಗುರುತು ಕೊಡುತ್ತಾರೆ, ಅದಕ್ಕೆ 2023ರಲ್ಲಿ ಜಾರಿಗೆ ಬಂದ ನಿಯಮ ನೋಡಿ. ಉತ್ತರದ ವಲಯಕ್ಕೆ ಯು-ಫ್ಯಾಕ್ಟರ್ ಸಾಮಾನ್ಯವಾಗಿ 0.22 ದಾಟಬಾರದು. ದಕ್ಷಿಣದ ವಲಯಕ್ಕೆ 0.32ರವರೆಗೂ ನಡೆಯುತ್ತದೆ, ಆದರೆ ಎಸ್‌ಎಚ್‌ಜಿಸಿ 0.23ರ ಒಳಗಿರಬೇಕು. ಬಿಸಿಲೂರಿನವರಿಗೆ ಅವರೂ ಛತ್ರಿಯನ್ನೇ ಹೇಳಿದ್ದಾರೆ.

ಬ್ರೋಷರ್ ಓದುವಾಗ ಒಂದು ಎಚ್ಚರ. ಕೆಲವರು ಎಸ್‌ಎಚ್‌ಜಿಸಿ ಬದಲು ಎಸ್‌ಸಿ, ಅಂದರೆ ಶೇಡಿಂಗ್ ಕೋಎಫಿಶಿಯಂಟ್ ಹಾಕಿರುತ್ತಾರೆ. ಅದನ್ನು 0.87ರಿಂದ ಗುಣಿಸಿದರೆ ಎಸ್‌ಎಚ್‌ಜಿಸಿ ಬರುತ್ತದೆ. ಇನ್ನು ಕೆಲವರು ಸೋಲಾರ್ ಫ್ಯಾಕ್ಟರ್ ಅಂತ ಶೇಕಡಾದಲ್ಲಿ ಹಾಕುತ್ತಾರೆ, ಅದು ಹೆಚ್ಚುಕಡಿಮೆ ಅದೇ. ಇಬ್ಬರ ಕೊಟೇಶನ್ ಪಕ್ಕಪಕ್ಕ ಇಟ್ಟು ನೋಡುವಾಗ ಒಂದರಲ್ಲಿ ಎಸ್‌ಸಿ, ಇನ್ನೊಂದರಲ್ಲಿ ಎಸ್‌ಎಚ್‌ಜಿಸಿ ಇದ್ದರೆ ಹೋಲಿಕೆ ತಪ್ಪುತ್ತದೆ. "99% ಯುವಿ ತಡೆ" ಅನ್ನುವುದನ್ನು ಶಾಖದ ಲೆಕ್ಕಕ್ಕೆ ತಗೋಬೇಡಿ. ಬಿಸಿಲಿನ ಶಾಖದಲ್ಲಿ ಯುವಿ ಪಾಲು ತೀರಾ ಸಣ್ಣದು.

ಮೂರನೆಯದು ವಿಎಲ್‌ಟಿ, ಅಂದರೆ ಬೆಳಕು ಎಷ್ಟು ಬರುತ್ತದೆ ಅನ್ನುವುದು. ಎಸ್‌ಎಚ್‌ಜಿಸಿ ಇಳಿಸುತ್ತಾ ಹೋದರೆ ಇದೂ ಇಳಿಯುತ್ತದೆ. ನಮ್ಮದು 45. ನಮ್ಮ ಅತ್ತೆ ಹಾಲ್‌ನ ಕಿಟಕಿ ಹತ್ತಿರ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಾರೆ. ಬಿಸಿಲಿದ್ದರೆ ಅಡ್ಡಿಯಿಲ್ಲ. ಮೋಡ ಕವಿದ ದಿನ ಸಣ್ಣ ಕಲ್ಲು ಕಣ್ಣಿಗೆ ಬೀಳುವುದಿಲ್ಲವೆಂದು ಮೆಟ್ಟಿಲ ಕಿಟಕಿಗೆ ಹೋಗುತ್ತಾರೆ. ಇದು 45ರ ಕಥೆ. ಪಕ್ಕದ ಬೀದಿಯಲ್ಲೊಬ್ಬರು ಕಪ್ಪು ರಿಫ್ಲೆಕ್ಟಿವ್ ಗಾಜು ಹಾಕಿಸಿದ್ದಾರೆ. ಹಗಲೂ ಲೈಟ್ ಉರಿಯುತ್ತಿರುತ್ತದೆ, ನೋಡಿದರೆ ಬ್ಯಾಂಕಿನ ಹಾಗಿದೆ. ಕೇಂದ್ರ ಸರ್ಕಾರದ ಇಂಧನ ದಕ್ಷತೆಯ ಸಂಸ್ಥೆ ಬಿಇಇಯವರು ಮನೆಗಳಿಗಾಗಿ 2018ರಲ್ಲಿ ತಂದ ಇಕೋ ನಿವಾಸ್ ಸಂಹಿತೆಯೂ ಬೆಳಕಿಗೊಂದು ಕೆಳಮಿತಿ ಇಟ್ಟಿದೆ. ಕಿಟಕಿ-ಗೋಡೆ ಅನುಪಾತ (ಗೋಡೆಯಲ್ಲಿ ಕಿಟಕಿಯ ಪಾಲು) ಶೇ. 30ರ ಒಳಗಿದ್ದರೆ ವಿಎಲ್‌ಟಿ ಕನಿಷ್ಠ 27 ಇರಬೇಕು. ನನ್ನ ಪ್ರಕಾರ ವಾಸದ ಕೋಣೆಗೆ 40ಕ್ಕಿಂತ ಕೆಳಗೆ ಹೋಗಬಾರದು. ವಿಎಲ್‌ಟಿಯನ್ನು ಎಸ್‌ಎಚ್‌ಜಿಸಿಯಿಂದ ಭಾಗಿಸಿ ನೋಡಿ. ನಮ್ಮದು 0.45 ಭಾಗಿಸು 0.30, ಅಂದರೆ 1.5. ಈ ನಂಬರ್ ದೊಡ್ಡದಾದಷ್ಟೂ ಗಾಜು ಶಾಖ ತಡೆದು ಬೆಳಕು ಬಿಡುತ್ತಿದೆ ಅಂತ. ಕಪ್ಪು ಗಾಜಿನಲ್ಲಿ ಇದು 1ಕ್ಕಿಂತ ಕೆಳಗೇ ಇರುವುದುಂಟು.

ಈಗ ಫಿಟ್ಟಿಂಗ್ ಕಥೆ. ಬ್ರೋಷರ್‌ನ ನಂಬರ್ ಎಷ್ಟೇ ಚೆನ್ನಾಗಿರಲಿ, ಕೂರಿಸುವವರ ಕೈಯಲ್ಲಿ ಅದು ಹಾಳಾಗಬಹುದು. ಡಬಲ್ ಗಾಜಿಗೆ ನಾಲ್ಕು ಮುಖ. ಹೊರಗಿನಿಂದ 1, 2, 3, 4 ಅಂತ ಎಣಿಸುತ್ತಾರೆ. ಬಿಸಿಲೂರಲ್ಲಿ ಕೋಟಿಂಗ್ 2ನೇ ಮುಖದಲ್ಲಿರಬೇಕು, ಅಂದರೆ ಹೊರಗಿನ ಗಾಜಿನ ಒಳಮೈ ಮೇಲೆ. ಗಾಜು ತಿರುಗಿಸಿ ಕೂರಿಸಿದರೆ ಕೋಟಿಂಗ್ 3ನೇ ಮುಖಕ್ಕೆ ಬರುತ್ತದೆ. ಯು-ವ್ಯಾಲ್ಯೂ ಹಾಗೇ ಇರುತ್ತದೆ, ಎಸ್‌ಎಚ್‌ಜಿಸಿ ಏರುತ್ತದೆ. ನೋಡಲು ಎರಡೂ ಒಂದೇ ಥರ.

ಕಂಡುಹಿಡಿಯುವುದು ಸುಲಭ. ಸಂಜೆ ಕತ್ತಲಾದ ಮೇಲೆ ಒಳಗೆ ನಿಂತು ಗಾಜಿನ ಹತ್ತಿರ ಲೈಟರ್ ಹಚ್ಚಿ, ಸ್ವಲ್ಪ ಓರೆಯಾಗಿ ನೋಡಿ. ನಾಲ್ಕು ಜ್ವಾಲೆ ಸಾಲಾಗಿ ಕಾಣುತ್ತವೆ. ಮೂರರ ಬಣ್ಣ ಒಂದೇ, ಒಂದರದು ಮಾತ್ರ ಬೇರೆ. ಅದು ಕೋಟಿಂಗ್ ಇರುವ ಮುಖ. ಒಳಗಿನಿಂದ ಎಣಿಸಿದರೆ ಅದು ಮೂರನೇ ಜ್ವಾಲೆ ಆಗಿರಬೇಕು. ನಮ್ಮ ಬೆಡ್‌ರೂಮಿನ ಕಿಟಕಿಯ ಒಂದು ಬಾಗಿಲಲ್ಲಿ ಎರಡನೇ ಜ್ವಾಲೆಯ ಬಣ್ಣ ಬೇರೆ ಇತ್ತು. ಗಾಜಿನ ಮೇಲಿನ ಸ್ಟಿಕ್ಕರನ್ನು ಫಿಟ್ಟರ್‌ಗಳು ಮೊದಲೇ ಕಿತ್ತುಹಾಕಿದ್ದರು. "ಹಂಗೇನೂ ಆಗಂಗಿಲ್ರಿ" ಅಂತ ವಾದ ಮಾಡಿದವರು ಜ್ವಾಲೆ ನೋಡಿ ಸುಮ್ಮನಾದರು. ಕೊನೇ ಕಂತಿನ ದುಡ್ಡು ಇನ್ನೂ ನಮ್ಮ ಹತ್ತಿರವೇ ಇತ್ತು, ಹಾಗಾಗಿ ಮರುದಿನವೇ ತೆಗೆದು ತಿರುಗಿಸಿ ಕೂರಿಸಿದರು.

ಇನ್ನೊಂದು ಗಾಜು ಕೆಲವು ಮಳೆಗಾಲ ಕಳೆದ ಮೇಲೆ ಕೈಕೊಟ್ಟಿತು. ಎರಡು ಗಾಜಿನ ನಡುವೆ, ಕೆಳಮೂಲೆಯಲ್ಲಿ, ಮಂಜು ಹಿಡಿದ ಹಾಗೆ ಆಯಿತು. ಎಷ್ಟು ಒರೆಸಿದರೂ ಹೋಗದು, ಯಾಕೆಂದರೆ ಅದಿರುವುದು ಒಳಗೆ. ಗಾಜುಗಳ ಅಂಚಿನಲ್ಲಿ ಸ್ಪೇಸರ್ ಪಟ್ಟಿ ಇರುತ್ತದೆ. ಅದರೊಳಗೆ ತೇವ ಹೀರುವ ಸಣ್ಣ ಹರಳುಗಳಿರುತ್ತವೆ. ಸುತ್ತಲೂ ಎರಡು ಪದರ ಸೀಲಂಟ್. ಅಂಚು ನೀರಲ್ಲಿ ನೆನೆಯುತ್ತಲೇ ಇದ್ದರೆ ಸೀಲ್ ಬಿಡುತ್ತದೆ, ಹರಳುಗಳು ತುಂಬಿಹೋಗುತ್ತವೆ. ಲೋ-ಇ ಕೋಟಿಂಗ್‌ನಲ್ಲಿರುವುದು ತೀರಾ ತೆಳು ಬೆಳ್ಳಿ ಪದರ, ತೇವ ತಗುಲಿದರೆ ಅದಕ್ಕೂ ಕಲೆ ಕಟ್ಟುತ್ತದೆ. ನಮ್ಮ ಫ್ರೇಮಿನ ಕೆಳಗೆ ನೀರು ಹೋಗಲು ಬಿಟ್ಟ ತೂತುಗಳಿಗೇ ಫಿಟ್ಟರ್‌ಗಳು ಸಿಲಿಕಾನ್ ಬಳಿದಿದ್ದರು. ಗಾಜಿನ ಕೆಳಗೆ ಇಡಬೇಕಾದ ರಬ್ಬರ್ ತುಂಡುಗಳೂ ಇರಲಿಲ್ಲ. ಮೊದಲು ನಾವು ನೀರು ಹಾಕಿ ತೊಳೆದದ್ದೇ ಕಾರಣ ಅಂದರು. ಆಮೇಲೆ ಗಾಜು ಬದಲಿಸಿದರು, ಕೂಲಿ ನಾವೇ ಕೊಟ್ಟೆವು. ಬ್ರೋಷರ್ ಮೇಲೆ ದೊಡ್ಡ ಗಾಜಿನ ಕಂಪನಿಯ ಹೆಸರಿದ್ದರೂ ಎರಡು ಗಾಜು ಜೋಡಿಸಿ ಸೀಲ್ ಮಾಡುವವರು ಬೇರೆ, ಕಿಟಕಿ ಕೂರಿಸುವವರು ಬೇರೆ. ಸೀಲ್‌ಗೆ ವಾರಂಟಿ ಯಾರದು, ಎಷ್ಟು ವರ್ಷ, ಕೂಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ.

ಸದ್ದಿನ ವಿಷಯದಲ್ಲಿ ಜಾಸ್ತಿ ಆಸೆ ಬೇಡ. ಸ್ಕೂಟರ್ ಹಾರ್ನ್, ಮಾತು ಕಡಿಮೆಯಾಗಿದೆ. ಮದುವೆ ಮೆರವಣಿಗೆಯ ಡಿಜೆ ಹಾಗೇ ಕೇಳುತ್ತದೆ. ಎರಡೂ ಗಾಜು ಒಂದೇ ದಪ್ಪ ಇದ್ದರೆ ಎರಡೂ ಒಂದೇ ಥರದ ಸದ್ದನ್ನು ಬಿಟ್ಟುಬಿಡುತ್ತವೆ. ಸದ್ದೇ ಮುಖ್ಯವಾದರೆ ಬೇರೆ ಬೇರೆ ದಪ್ಪದ ಗಾಜು, ಅದರಲ್ಲೊಂದು ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿದ್ದು), ಕೇಳಿ. ಮೊಬೈಲ್ ಸಿಗ್ನಲ್ ಬೆಡ್‌ರೂಮಲ್ಲಿ ಒಂದು ಕಡ್ಡಿ ಇಳಿದಿದೆ. ಲೋಹದ ಪದರ ಅಲ್ವಾ, ಅದಕ್ಕೆ.

ಕರೆಂಟ್ ಬಿಲ್ ಎಷ್ಟು ಉಳಿಯಿತು ಅಂತ ಎಲ್ಲರೂ ಕೇಳುತ್ತಾರೆ. ಹಳೇ ಬಾಡಿಗೆ ಮನೆಗೂ ಇದಕ್ಕೂ ಹೋಲಿಸುವ ಹಾಗಿಲ್ಲ. ಎಸಿಯವರು ಹಾಲ್‌ಗೆ 2 ಟನ್ ಬೇಕೇ ಬೇಕು ಅಂದಿದ್ದರು, 1.5 ಟನ್ನಿನಲ್ಲಿ ಆರಾಮಾಗಿ ನಡೆಯುತ್ತಿದೆ ಅಂತ ಮಾತ್ರ ಹೇಳಬಲ್ಲೆ. ಎಸಿ ಇಲ್ಲದೆ ಕೂಲರ್ ಮೇಲೇ ಬೇಸಿಗೆ ಕಳೆಯುವ ಮನೆಗೆ ಇದಕ್ಕೆ ದುಡ್ಡು ಹಾಕಬೇಡಿ ಅನ್ನುತ್ತೇನೆ. ಕೂಲರ್‌ಗೆ ಗಾಳಿ ಹೊರಹೋಗಲು ಕಿಟಕಿ ತೆರೆದಿರಬೇಕು. ತೆರೆದ ಕಿಟಕಿಗೆ ಯಾವ ಯು-ವ್ಯಾಲ್ಯೂ?

ಎಸಿ ಇದ್ದರೂ ಎಲ್ಲ ಕಿಟಕಿಗೂ ಬೇಡ. ಕಲಬುರಗಿಯಲ್ಲಿ ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ನೇರ ಬಿಸಿಲೇ ಇಲ್ಲ. ಉತ್ತರದ ಕಿಟಕಿಗೆ ಬೀಳುವ ನಡುಹಗಲ ಬಿಸಿಲಿಗೆ ಎರಡಡಿ ಸಜ್ಜಾ ಸಾಕು. ಪಶ್ಚಿಮದ ಬಿಸಿಲು ಸಜ್ಜಾದ ಕೆಳಗಿಂದ ನುಗ್ಗುತ್ತದೆ, ಗಾಜಿನ ದುಡ್ಡು ಅಲ್ಲಿ ಹಾಕಿ. ಪೂರ್ವಕ್ಕೂ ಉಳಿದರೆ ನೋಡಿ. ಬಾಡಿಗೆ ಮನೆಯಲ್ಲಿರುವವರು ಕಿಟಕಿಯ ಹೊರಗೆ ಬಿದಿರಿನ ಪರದೆ ಕಟ್ಟಿ. ಒಳಗಿನ ಕರ್ಟನ್ ತಡೆಯುವ ಹೊತ್ತಿಗೆ ಬಿಸಿಲು ಗಾಜು ದಾಟಿ ಆಗಿರುತ್ತದೆ. ಹೊರಗಿನ ಪರದೆ ಗಾಜಿಗೆ ಬೀಳುವ ಮುಂಚೆಯೇ ತಡೆಯುತ್ತದೆ. ನಮ್ಮ ಮೆಟ್ಟಿಲ ಕಿಟಕಿಗೂ ಹೋದ ಬೇಸಿಗೆಯಿಂದ ಅದನ್ನೇ ಕಟ್ಟಿದ್ದೇವೆ. ಅತ್ತೆ ಜೋಳ ಹಿಡಿದು ಬಂದಾಗ ಮೇಲೆ ಸುತ್ತುತ್ತಾರೆ.